ತಲೆಯ ಅಳತೆ

ಒಂದು ದಿನ ಸಿಟ್ಟು ಬಂದು ಟೇಪು ಸುತ್ತಿ ಅಳೆದೆ.
ಹುಬ್ಬಿನ ಮೇಲಿಂದ, ಕಿವಿಗೆ ತಾಗಿಸಿ, ತುರುಬಿನ ಕೆಳಗೆ:
ಇಪ್ಪತ್ತೊಂದೂವರೆ.
ಪುಸ್ತಕದಲ್ಲಿ ಬರೆದಿಟ್ಟೆ,
ಗಿರಾಕಿಯ ಹೆಸರಿನ ಜಾಗದಲ್ಲಿ ‘ನಾನು’.

ಮೇ ಮುಗಿಯುತ್ತ ಬಂದಿತ್ತು.
ದಾವಣಗೆರೆಯ ಚೌಕಿಪೇಟೆ, ಎಂಟಡಿ ಅಂಗಡಿ,
ಮುನ್ನೂರ ನಲವತ್ತು ನೀಲಿ ಲಂಗ, ಅಷ್ಟೇ ಬಿಳಿ ಅಂಗಿ,
ಶಾಲೆಯ ಬಾಗಿಲು ತೆರೆಯುವುದರೊಳಗೆ.
ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಬರುತ್ತಿತ್ತು ಅದು.
ಬಡಿಯದು, ಕುಟ್ಟದು, ವಾಂತಿಯೂ ಇಲ್ಲ.
ಲಂಗದ ಸೊಂಟಕ್ಕೆ ಏರಿಸುತ್ತೇವಲ್ಲ ಎಲಾಸ್ಟಿಕ್ಕು,
ಅದನ್ನೇ ಒಂದು ನಂಬರು ಚಿಕ್ಕದು ತಂದು
ಯಾರೋ ಹಣೆಗೆ ತೊಡಿಸಿದ ಹಾಗೆ.
ಮಶೀನು ತುಳಿಯಬಹುದು, ಗಿರಾಕಿಗೆ ನಗಬಹುದು.
ಅದಕ್ಕೇ ಯಾರೂ ನಂಬುವುದಿಲ್ಲ.

ಹಸೀನಾ ಗುಂಡಿ ಹಚ್ಚುತ್ತ ಅಂದಳು: ದೃಷ್ಟಿ ಆಗೇತಕ್ಕ.
ಪಕ್ಕದ ಪಾತ್ರೆ ಅಂಗಡಿಯವರು: ಪಿತ್ತ, ಬೆಣ್ಣೆದೋಸೆ ಬಿಡು.
ನಾನು ಒಳಗೊಳಗೇ: ಗಡ್ಡೆ.
(ಸೋದರತ್ತೆ ಹಾಗೇ ಹೋದದ್ದು.)
ದಿನಕ್ಕೊಂದು ಗುಳಿಗೆ, ಆಮೇಲೆ ಎರಡು,
ಖಾಲಿ ಪಟ್ಟಿಗಳೆಲ್ಲ ಸೂಜಿ ಡಬ್ಬಿಯಲ್ಲಿ.

ದೊಡ್ಡಾಸ್ಪತ್ರೆಯ ಹುಡುಗಿ ಡಾಕ್ಟರು
ಕಣ್ಣಿಗೆ ಬೆಳಕು ಬಿಟ್ಟು ನೋಡಿ,
ತಲೆ ಬಿಟ್ಟು ಭುಜ ಒತ್ತಿದಳು. ಕಿರುಚಿದೆ.
“ತಲೆಯೊಳಗೆ ಏನೂ ಇಲ್ಲ, ತುಳಸಾಬಾಯಿ.”
ನಮ್ಮ ಮನೆಯವರು ಇಪ್ಪತ್ತು ವರ್ಷದಿಂದ ಹೇಳುವುದೂ ಅದನ್ನೇ.
“ಬಿಗಿದಿರೋದು ಕತ್ತು, ಭುಜ. ಆಗಾಗ ತಲೆ ಎತ್ತಿ, ಎದ್ದು ಓಡಾಡಿ.
ದಿನಾ ನುಂಗಿದರೆ ಗುಳಿಗೆಯೇ ನೋವು ತರುತ್ತೆ.”
ಚೀಟಿ ಬರೆಯುತ್ತ ಕೇಳಿದಳು: “ಹಲ್ಲು ಕಚ್ಚುತ್ತೀರಾ?”

ಇಲ್ಲ ಅಂದೆ.

ಆ ರಾತ್ರಿ ಎರಡಕ್ಕೆ ಎಚ್ಚರ. ದವಡೆ ಕಲ್ಲಾಗಿತ್ತು.
ನಾಲಿಗೆಯಿಂದ ತಡವಿದೆ:
ಗುಂಡುಪಿನ್ನು ಒಂದೂ ಇರಲಿಲ್ಲ,
ಇದ್ದ ಹಾಗೇ ಕಚ್ಚಿಕೊಂಡಿದ್ದೆ.
ಹದಿನೇಳಕ್ಕೆ ಕಲಿತದ್ದು, ಬಟ್ಟೆ ಕೈಯಲ್ಲಿ, ಪಿನ್ನು ಬಾಯಲ್ಲಿ;
ತುಟಿ ಬಿಚ್ಚಿದರೆ ಉದುರುತ್ತವೆಂದು
ಮಾತೂ ಅಲ್ಲೇ, ಹಲ್ಲಿನ ಹಿಂದೆ.
ಕೇಳದ ಬಾಕಿ, ಬಾಡಿಗೆ ಏರಿದಾಗ ಆಡದ್ದು,
ಅತ್ತೆಗೆ ಕೊಡದ ಒಂದು ಉತ್ತರ, ಅವರೀಗಿಲ್ಲ.

ಚಿಂದಿ ತುಂಬಿ ಪುಟ್ಟ ದಿಂಬು ಹೊಲಿದು
ಮಣಿಕಟ್ಟಿಗೆ ಕಟ್ಟಿದ್ದೇನೆ, ಪಿನ್ನುಗಳೀಗ ಅಲ್ಲಿ.
ಕೈ ಇನ್ನೂ ಮರೆತು ಬಾಯಿಗೆ ಹೋಗುತ್ತದೆ.
ಹಸೀನಾ ‘ಅಕ್ಕಾ’ ಅನ್ನುತ್ತಾಳೆ.

ನಿನ್ನೆ ಮೂರಕ್ಕೆ ಅದು ಬರಲಿಲ್ಲ.
ಟೇಪು ಸುತ್ತಿ ನೋಡಿದೆ: ಇಪ್ಪತ್ತೊಂದೂವರೆ.
ನೋವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.
ನಾಲ್ಕೂವರೆಗೆ ಬಂತು, ತಡವಾದ ಗಿರಾಕಿಯ ಹಾಗೆ, ಸ್ವಲ್ಪ ಮೆತ್ತಗೆ.

ಅಷ್ಟರಲ್ಲಿ ಶಾಲೆಯಿಂದ ಫೋನು: ಎಲ್ಲ ನಾಳೆಗೇ ಬೇಕು.
ಬಾಯಿ ಖಾಲಿಯಿತ್ತು.
ಗುರುವಾರ, ಅಂದೆ.