ಮೂರು ಭಾನುವಾರ, ಮೂವತ್ತು ದಿನ

ಆನೆಪಾಳ್ಯದ ಗುಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ
ಮದುವೆಯ ಕರೆ ಓದುವವನು ನಾನೇ.
ಆರೂವರೆಯ ಪೂಜೆ, ಪರಮಪ್ರಸಾದ ಮುಗಿದು
ಹೆಂಗಸರು ಮುಸುಕು ಸರಿಮಾಡಿಕೊಳ್ಳುವ ಹೊತ್ತಿಗೆ
ಮೈಕಿಗೆ ಎರಡು ಸಲ ಬೆರಳು ತಟ್ಟಿ:
"ಇಂಥವರ ಮಗ, ಇಂಥವರ ಮಗಳು.
ಇದು ಎರಡನೇ ಕರೆ.
ಅಡ್ಡಿ ಏನಾದರೂ ತಿಳಿದವರು
ಗುರುಗಳಿಗೆ ತಿಳಿಸತಕ್ಕದ್ದು."

ಒಂದೇ ಒಂದು ಸಲ ಒಬ್ಬಳು ಬಂದಿದ್ದಳು,
ಕೋಲಾರದ ಕಡೆಯವಳು, ಕಂಕುಳಲ್ಲಿ ಮಗು.
ಆ ಮದುವೆ ನಿಂತಿತು.
ಅಂದಿನಿಂದ ನನ್ನ ದನಿಗೆ ತೂಕ ಬಂತೆಂದು
ನಾನೇ ಅಂದುಕೊಂಡೆ.

ಬಿಳಿ ಫ್ರಾಕಿನಲ್ಲಿ ಮೊದಲ ಪ್ರಸಾದಕ್ಕೆ
ಜಸಿಂತಾ ಕೈಮುಗಿದು ನಿಂತ ದಿನವೇ ಲೆಕ್ಕ ಹಾಕಿದ್ದೆ:
ಇವಳ ಮೂರನೇ ಕರೆಗೆ ಗಂಟಲು ಕಟ್ಟಬಾರದು,
ಜೇಬಲ್ಲೊಂದು ಲವಂಗ ಇರಲಿ.

ಹುಡುಗ ಹೊನ್ನೇಗೌಡರ ಮಗ, ಲೋಹಿತ್.
ಕೆಟ್ಟವನೆನ್ನಲು ನನ್ನ ಬಳಿ ಏನೂ ಇಲ್ಲ;
ನನ್ನ ಬಿ.ಪಿ. ಮಾತ್ರೆಯ ಹೆಸರು ಅವನಿಗೆ ಗೊತ್ತು.
ಗುರುಗಳೂ ಬಾಗಿಲು ಮುಚ್ಚಲಿಲ್ಲ:
"ಬಿಷಪರ ಅಪ್ಪಣೆ ತರಿಸೋಣ ಚೌರಪ್ಪ.
ಹುಡುಗಿ ಒಂದು ಕಾಗದಕ್ಕೆ ಸಹಿ ಹಾಕಲಿ,
ಹುಟ್ಟುವ ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು
ಕೈಲಾದಷ್ಟು ಮಾಡುವೆನೆಂದು."

ಅವಳು ಕಾಗದ ಓದಿದಳು, ಎರಡು ಸಲ.
ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು.
"ಅಪ್ಪಾ, ಇನ್ನೂ ಹುಟ್ಟದವರ ಪರವಾಗಿ
ನಾನು ಮಾತು ಕೊಡಲಾರೆ.
ಕೊಟ್ಟು ತಪ್ಪಿದರೆ ಪಾಪ ಅನ್ನೋನು ನೀನೇ ಅಲ್ವಾ?"

ಸುಳ್ಳು ಹೇಳಬಾರದೆಂದು ಕಲಿಸಿದವನು ನಾನು.
ಎಂಟನೇ ಕಟ್ಟಳೆ. ಬೆತ್ತ ಹಿಡಿದು.
ನಾಲ್ಕನೆಯದನ್ನೂ ಕಲಿಸಿದ್ದೆ, ತಂದೆತಾಯಿಯದು.
ಆ ದಿನ ಅದನ್ನು ನೆನಪಿಸಲು ನಾಲಿಗೆ ಏಳಲಿಲ್ಲ.

ಲೂರ್ದಮ್ಮ ಜಪಸರ ಹಿಡಿದವಳು
ಮಗಳೊಡನೆ ಮಾತು ಬಿಟ್ಟಳು,
ಅನ್ನ ಬಡಿಸುವುದು ಬಿಡಲಿಲ್ಲ.
ಅಣ್ಣ ಇನ್ನಾಸಪ್ಪ ಬೇಗೂರಿನಿಂದ ಫೋನಿನಲ್ಲಿ
"ಇನ್ನು ಯಾವ ಮುಖ ಇಟ್ಟುಕೊಂಡು ಕರೆ ಓದ್ತೀಯೋ?" ಅಂದ.
ಓದಿದೆ, ಆ ಭಾನುವಾರವೂ.
ಯಾರದೋ ಮಗಳು.

ನಿನ್ನೆ ಯಾರಿಗೂ ಹೇಳದೆ
ಶಾಂತಿನಗರದ ರಿಜಿಸ್ಟ್ರಾರ್ ಕಚೇರಿಗೆ ಹೋದೆ.
ಮೆಟ್ಟಿಲ ಪಕ್ಕ ಜಾಲರಿ ಹಾಕಿದ ಬೋರ್ಡು, ತುಕ್ಕು ಪಿನ್ನು,
ಅದರೊಳಗೆ ಅಂಚೆಚೀಟಿಯಷ್ಟು ನನ್ನ ಮಗಳು,
ಕನ್ನಡಕ ತೆಗೆಸಿದ್ದಕ್ಕೆ ಕಣ್ಣು ಕಿರಿದು ಮಾಡಿಕೊಂಡು.
ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಸಲ್ಲಿಸುವುದು.

ಅರೆ, ಇವರಲ್ಲೂ ಕರೆ ಉಂಟು!
ಓದುವವರಿಲ್ಲ, ಅಷ್ಟೇ.

ಜೆರಾಕ್ಸ್ ಅಂಗಡಿಯವನು, ಇಬ್ಬರು ಬ್ರೋಕರು, ಮಲಗಿದ್ದ ನಾಯಿ.
ಗಂಟಲು ಸರಿಮಾಡಿ, ಇಲ್ಲದ ಮೈಕಿಗೆ ಬೆರಳು ತಟ್ಟಿ
ಓದಿದೆ:
"ಚೌರಪ್ಪ ಮತ್ತು ಲೂರ್ದಮ್ಮನವರ ಮಗಳು ಜಸಿಂತಾ..."
ಹೊನ್ನೇಗೌಡರ ಹೆಸರು, ಅವರಾಕೆ ಸಾಕಮ್ಮನವರದು,
ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡು ಸಮೇತ.
"ಅಡ್ಡಿ ಏನಾದರೂ ತಿಳಿದವರು..."

ಬ್ರೋಕರೊಬ್ಬ ಹತ್ತಿರ ಬಂದ:
"ಅಬ್ಜೆಕ್ಷನ್ ಹಾಕ್ಬೇಕಾ ಯಜಮಾನ್ರೆ?
ಫಾರಂ ನನ್ ಹತ್ರಾನೇ ಇದೆ, ಐವತ್ತು ರೂಪಾಯಿ."

ಜೇಬಿಗೆ ಕೈ ಹಾಕಿದೆ.
ಲವಂಗ ಸಿಕ್ಕಿತು.