ನೀವು ತಲುಪಿದ್ದೀರಿ

ನೀನ್‌ಬುರ್ಗ್ ದಾಟಿ ಹನ್ನೊಂದು ನಿಮಿಷಕ್ಕೆ
ರೈಲು ನಿಂತಿತು.
ಕೆಮ್ಮಲಿಲ್ಲ, ಕಿರುಚಲಿಲ್ಲ,
ಆಡುತ್ತಿದ್ದ ಮಾತು ನಡುವೆ ಮರೆತವರ ಹಾಗೆ
ಸುಮ್ಮನೆ ನಿಂತಿತು.
ಎಡಕ್ಕೆ ಸಕ್ಕರೆಗೆಡ್ಡೆಯ ಹೊಲ. ಬಲಕ್ಕೂ ಅದೇ.
ಜೇಬಿನೊಳಗೆ ಫೋನು ಮಾತ್ರ ಹಿಗ್ಗಿ ನಡುಗಿತು:
ನೀವು ತಲುಪಿದ್ದೀರಿ!
ಪ್ರಯಾಣ ಹೇಗಿತ್ತು? ಎಷ್ಟು ನಕ್ಷತ್ರ ಕೊಡುತ್ತೀರಿ?

ನಾನು ಪಿಯಾನೋಗಳಿಗೆ ಶ್ರುತಿ ಕೂಡಿಸುವವನು.
ಫೆರ್ಡನ್ ಶಾಲೆಯಲ್ಲೊಂದು ಮುದಿ ಪಿಯಾನೋ,
ನಡುವಿನ ಮೂರು ಮನೆ ಬಿದ್ದುಹೋಗಿವೆಯಂತೆ,
ಎರಡಕ್ಕೆ ನಾನು ಅದರ ಮುಂದಿರಬೇಕು
ಮೂರಕ್ಕೆ ಮಕ್ಕಳು ಹಾಡಬೇಕು.

ವೀಬ್ಕೆ, ನಮ್ಮ ಕಂಡಕ್ಟರಮ್ಮ, ಮೈಕಿನಲ್ಲಿ:
ಮುಂದಿರುವ ರೈಲಿನಿಂದಾಗಿ ತಡ.
ಕಾಲು ಗಂಟೆ ಬಿಟ್ಟು:
ಹಿಂದಿರುವ ರೈಲಿನಿಂದಾಗಿ ತಡ.
ಆಮೇಲೆ ಮೈಕು ಆರಿಸುವುದು ಮರೆತು:
ನನಗೇನು ಗೊತ್ತು ಮಾರಾಯ, ನನಗೂ ಯಾರೂ ಹೇಳಲ್ಲ.
ಇಡೀ ಬೋಗಿ ಚಪ್ಪಾಳೆ ತಟ್ಟಿತು.
ಆ ದಿನ ನಾನು ಕೇಳಿದ ಮೊದಲ
ಶ್ರುತಿಶುದ್ಧ ಮಾತು.

ಎದುರು ಕೂತ ಆಲ್ಮುಟ್ ಬೆಂದ ಮೊಟ್ಟೆ ಸುಲಿಯುತ್ತ
ಗಂಟೆ ದಾಟಿದರೆ ಕಾಲುಭಾಗ ದುಡ್ಡು ವಾಪಸು ಅಂದಳು.
ಅರ್ಜಿ ತೆರೆದೆ.
ಕಾರಣ ಆರಿಸಿ: ರೈಲು ತಪ್ಪಿತು, ರೈಲು ರದ್ದಾಯಿತು,
ರೈಲು ಬೇರೆ ದಾರಿ ಹಿಡಿಯಿತು.
ಇದ್ದಲ್ಲೇ ಇದ್ದೇನೆ ಎಂಬುದು
ಪಟ್ಟಿಯಲ್ಲಿ ಇಲ್ಲ.
ಇತರೆ ಒತ್ತಿದೆ. ಅದಕ್ಕೆ ಅನುಮಾನ ಬಂತು:
ನೀವು ಯಂತ್ರವಲ್ಲವೆಂದು ಸಾಬೀತುಮಾಡಿ,
ರೈಲು ಇರುವ ಚೌಕಗಳನ್ನೆಲ್ಲ ಗುರುತಿಸಿ.

ರೈಲಿನೊಳಗೆ ಕೂತು ರೈಲು ಹುಡುಕಿದೆ.
ಒಂಬತ್ತು ಚೌಕ. ಏಳನೆಯದರ ಮೂಲೆಯಲ್ಲಿ
ಬೋಗಿಯ ಬಾಲವೋ, ಬೇಲಿಯ ನೆರಳೋ,
ಕನ್ನಡಕ ಹಣೆಗೇರಿಸಿದೆ, ಇಳಿಸಿದೆ,
ಆಲ್ಮುಟ್ ಬಗ್ಗಿ ನೋಡಿ ಬೇಲಿ ಅಂದಳು.
ತಪ್ಪು.
ಈಗ ಸೈಕಲ್ಲುಗಳನ್ನು ಗುರುತಿಸಿ.

ಗೇಟಿನ ಕಂಬದಲ್ಲಿ ಅಭ್ಯರ್ಥಿ ನಗುತ್ತಿದ್ದ.
ಭಾನುವಾರ ಮತದಾನ.
ಇನ್ನು ತಡವಿಲ್ಲ ಎಂದು ಗದ್ದದ ಕೆಳಗೆ ದಪ್ಪಕ್ಷರ.
ಮಳೆಗೆ ನೆನೆದು ಒಂದು ಕೆನ್ನೆ ಉಬ್ಬಿ
ಹಲ್ಲುನೋವಿನವನ ಹಾಗೆ ಕಾಣುತ್ತಿದ್ದ.
ಅವನೇ ಪಕ್ಕದ ಹುಡುಗ ಲಾಸ್ಸೆಯ ಫೋನಿನಲ್ಲೂ ಮಾತಾಡುತ್ತಿದ್ದ.
ಕಿವಿ ನನ್ನ ಕಸುಬು, ಮುಚ್ಚಲು ಬಾರದು:
ಜನ ಎಂಬ ಪದ ಬಂದಾಗಲೆಲ್ಲ ಅವನ ದನಿ
ಅದೇ ಮೆಟ್ಟಿಲಿಗೆ ಇಳಿಯುತ್ತಿತ್ತು.
ಹುಡುಗ ಬೆರಳು ಜಾರಿಸಿದ, ಎದುರಾಳಿ ಬಂದಳು.
ಜನ. ಅದೇ ಮೆಟ್ಟಿಲು.
ಇಬ್ಬರಿಗೂ ಶ್ರುತಿ ಕೂಡಿಸಿದವನು ಒಬ್ಬನೇ.
ಒಳ್ಳೆಯ ಕೆಲಸಗಾರ, ಸುಳ್ಳು ಹೇಳಬಾರದು.

ಅಷ್ಟರಲ್ಲಿ ಯಾರೋ ನಮ್ಮ ರೈಲಿನ ಚಿತ್ರ ಹಾಕಿದ್ದರು.
ಮ್ಯೂನಿಕ್‌ನಿಂದೊಬ್ಬ: ಇಂಥ ರೈಲೇ ಇಲ್ಲ, ಕಟ್ಟುಕಥೆ.
ಇನ್ನೊಬ್ಬಳು: ಡ್ರೈವರು ಹೊರದೇಶದವನಿರಬೇಕು,
ನಮ್ಮವನಾಗಿದ್ದರೆ ಹೀಗಾಗುತ್ತಿತ್ತೆ?
ನಾನೂರು ಮಂದಿ ಹೌದು ಹೌದು ಅಂದಿದ್ದರು.
ಕಿಟಕಿಯ ಕೆಳಗೆ ಡ್ರೈವರು ಹಿನ್ನೆರ್ಕ್
ಜಲ್ಲಿಯ ಮೇಲೆ ನಿಂತು ಸಿಗರೇಟು ಸೇದುತ್ತಿದ್ದ.
ಅಲ್ಲಿ ಕಾಣುವ ಗೋಪುರದ ಬುಡದಲ್ಲೇ ಅವನ ಮನೆ;
ನಡೆದು ಹೋದರೆ ಊಟಕ್ಕೆ ಸಿಕ್ಕುತ್ತೇನೆ ಎಂದ.

ಮೂರಕ್ಕೆ ಐದು ನಿಮಿಷ. ಈಸೆನ್ಸೇ ಮೇಡಂ ಫೋನು:
ಬರುತ್ತೀರೋ ಇಲ್ಲವೋ, ಮಕ್ಕಳು ಸಾಲಾಗಿ ನಿಂತಿದ್ದಾರೆ.
ಚೀಲದಿಂದ ಶ್ರುತಿಕವೆ ತೆಗೆದು
ಮಂಡಿಗೆ ಬಡಿದು ಫೋನಿಗೆ ಹಿಡಿದೆ.
ಆಲ್ಮುಟ್ ಅಗಿಯುವುದನ್ನು ನಿಲ್ಲಿಸಿದಳು.
ಲಾಸ್ಸೆ ಅಭ್ಯರ್ಥಿಯ ಬಾಯಿ ಮುಚ್ಚಿಸಿದ.
ಆ ಕಡೆ ಮೂವತ್ತು ಗಂಟಲು
ತಡವರಿಸಿ, ಹುಡುಕಿ, ಒಂದರ ಹಿಂದೊಂದು
ಆ ಸ್ವರಕ್ಕೆ ಬಂದು ಕೂತವು,
ಒಬ್ಬ ಮಾತ್ರ ಎಲ್ಲೋ ಕೆಳಗೇ ಉಳಿದ.
ಹಾಡಿನ ಎರಡನೆಯ ಸಾಲಿಗೆ
ನೆಟ್‌ವರ್ಕ್ ಹೋಯಿತು.

ಆಗಲೇ ಬೋಗಿ ಒಮ್ಮೆ ಕುಲುಕಿತು.
ವೀಬ್ಕೆ: ನಾವೀಗ ನೀನ್‌ಬುರ್ಗ್‌ಗೆ ಮರಳುತ್ತಿದ್ದೇವೆ.
ರೈಲು ಹಿಂದಕ್ಕೆ ಸರಿದಂತೆ ಅಭ್ಯರ್ಥಿ
ಉಬ್ಬಿದ ಕೆನ್ನೆಯೊಡನೆ ಮುಂದೆ ಮುಂದೆ ಹೋದ.
ಫೋನು ನಡುಗಿತು: ಐದು ನಕ್ಷತ್ರಕ್ಕೆ ಧನ್ಯವಾದ.
ಯಾವಾಗ ಒತ್ತಿದ್ದೆನೋ, ಹೆಬ್ಬೆರಳಿಗೇ ಗೊತ್ತು.
ಆಲ್ಮುಟ್ ಇನ್ನೊಂದು ಮೊಟ್ಟೆ ಸುಲಿದು
ಅರ್ಧ ನನ್ನತ್ತ ಚಾಚಿದಳು.
ಉಪ್ಪು ಮುಗಿದಿದೆ ಅಂದಳು.