ಕಡತದ ಲಾಡಿ

ಬೈತಖೋಲಿಗೆ ಡಾಂಬರು ತಂದ ಹಡಗಿನಿಂದ
ಹೊಟ್ಟೆ ಹಿಡಿದುಕೊಂಡೇ ಇಳಿದವನು ಸ್ಟೋಯಾನ್.
ಅಪೆಂಡಿಕ್ಸ್ ತೆಗೆದರು. ಏಳು ಹೊಲಿಗೆ.
ದೇಶ ಬಲ್ಗೇರಿಯಾ ಎಂದು ನಾನೇ ಬರೆದುಕೊಂಡೆ,
ಕಾಗುಣಿತ ಅವನು ತಿದ್ದಿದ.

ಮಾರ್ಚ್ ಒಂದರ ಬೆಳಿಗ್ಗೆ
ಅವನ ಕಡತ ಬಿಚ್ಚಿಕೊಂಡು ಬಿದ್ದಿತ್ತು, ಕೆಂಪು ಲಾಡಿ ಮಾಯ.
ವಾರ್ಡಿಗೆ ಹೋಗಿ ನೋಡಿದರೆ
ಬ್ಯಾಂಡೇಜಿನ ಬಿಳಿ ಎಳೆಗೆ ನನ್ನ ಲಾಡಿಯ ಎಳೆ ಸೇರಿಸಿ
ಹೊಸೆಯುತ್ತಿದ್ದಾನೆ, ದೀಪದ ಬತ್ತಿ ಹೊಸೆದ ಹಾಗೆ.

ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ:
ನಮ್ಮಲ್ಲಿ ಇವತ್ತು ಮುದುಕಿಯೊಬ್ಬಳು ಬರುತ್ತಾಳೆ,
ಹೆಸರು ಮಾರ್ತಾ. ತಿಂಗಳಿಡೀ ಅವಳದೇ ದರಬಾರು.
ನಕ್ಕರೆ ಬಿಸಿಲು, ಮುನಿದರೆ ಮತ್ತೆ ಹಿಮ.
ಒಲಿಸಿಕೊಳ್ಳಲು ಕೆಂಪು ಬಿಳಿ ದಾರ ಕೈಗೆ.
ಕೊಕ್ಕರೆ ಮರಳಿ ಬಂದದ್ದು ಕಂಡ ದಿನ,
ಇಲ್ಲವೇ ಹೂಬಿಟ್ಟ ಮೊದಲ ಮರ ಕಂಡ ದಿನ
ಬಿಚ್ಚಿ ಟೊಂಗೆಗೆ ಕಟ್ಟುವುದು.

ಅಷ್ಟರಲ್ಲಿ ಬಕೆಟ್ಟು ಕುಕ್ಕುತ್ತ ಬಂದಳು
ನಮ್ಮ ಆಯಾ, ಕೋಡಿಬಾಗದ ಮಾರ್ತಾ ಬಾಯಿ.
ಕಾಲೆತ್ತು ಪುತಾ, ನೆಲ ಒರೆಸಬೇಕು!
ಹೆಸರು ತಿಳಿದು ಅವನು ನಕ್ಕದ್ದೇ ನಕ್ಕದ್ದು,
ಹೊಲಿಗೆ ಒತ್ತಿ ಹಿಡಿದು, ಕಣ್ಣಲ್ಲಿ ನೀರು.
ಮೊದಲ ದಾರ ಅವಳ ಕೈಗೇ ಕಟ್ಟಿದ.
ಅದೇನು ಅನಿಸಿತೋ,
ಆ ದಿನವೆಲ್ಲ ಅವಳು ಯಾರಿಗೂ ಬೈಯಲಿಲ್ಲ.

ಏಜೆಂಟನ ಜೀಪು ಅವನನ್ನು ಗೋವೆಗೆ ಒಯ್ದಿತು.
ದಾರ ಉಳಿಯಿತು, ತಕರಾರೂ ಉಳಿಯಿತು:
ಯಾವಾಗ ಬಿಚ್ಚುವುದು?
ಇಲ್ಲಿ ಮರ ಯಾರ ಅಪ್ಪಣೆಗೂ ಕಾದದ್ದಿಲ್ಲ.
ಬೂರುಗ ಆಗಲೇ ಹೂ ಉದುರಿಸಿ ಕೂತಿದೆ,
ಶವಾಗಾರದ ಹಿಂದಿನ ಗೇರು ಹಣ್ಣಾಗಿ ಘಂ ಅನ್ನುತ್ತಿದೆ,
ಮಾವಿನ ಮಿಡಿಗೆ ಉಪ್ಪು ಹಾಕಿಯೂ ಆಯಿತು.
ಬೆಳ್ಳಕ್ಕಿಯೆಂದರೆ ಮೀನುಪೇಟೆಯಲ್ಲಿ ವರ್ಷವಿಡೀ.
ಹೋಗಿದ್ದರೆ ತಾನೆ ಬರುವುದು?

ಹುಣ್ಣಿಮೆಗೆ ಹಾಲಕ್ಕಿಗಳ ಸುಗ್ಗಿ ತಂಡ ಬಂತು.
ತಲೆ ಮೇಲೆ ತುರಾಯಿ, ಗುಮಟೆಯ ಸದ್ದು
ಹೆರಿಗೆ ವಾರ್ಡಿನ ತನಕ.
ನಡೆದು ಬರುವ ಮರ, ಇದಕ್ಕೇ ಕಟ್ಟು, ಅಂದೆ.
ಬೆಂಡಿನ ಹೂ ಲೆಕ್ಕಕ್ಕಿಲ್ಲ, ಅಂದಳು ಮಾರ್ತಾ ಬಾಯಿ,
ಅಂದರೂ ಬಾಗಿಲಲ್ಲಿ ಕಾಲು ತಾಳ ಹಾಕುತ್ತಿತ್ತು.

ಏಪ್ರಿಲ್ ಕುದಿಯಿತು. ಈಸ್ಟರ್ ಬಂತು, ಹೋಯಿತು.
ಫಿನಾಯಿಲಿನಲ್ಲಿ ಅದ್ದಿ ಅದ್ದಿ
ಬಿಳಿ ಕೆಂಪಾಯಿತೋ, ಕೆಂಪು ಬಿಳಿಯಾಯಿತೋ,
ಎರಡೂ ಕೂಡಿ ಬೆಂದ ಸಿಗಡಿಯ ಬಣ್ಣ.

ಮೇ ಕೊನೆಗೆ, ದೋಣಿಗಳನ್ನು ದಡಕ್ಕೆಳೆದು
ತಟ್ಟಿ ಹೊದಿಸುವ ವಾರ,
ಸದಾಶಿವಗಡದ ಗುಡ್ಡ ಕೈಗೆಟಕುವಷ್ಟು ಹತ್ತಿರ ಕಂಡ ಬೆಳಿಗ್ಗೆ
ನನ್ನ ಮೇಜಿಗೆ ಬಂದು, ಕಂಡೆ, ಅಂದಳು.
ಎಮ್ಮೆ ಬೆನ್ನ ಮೇಲೆ ಬೆಳ್ಳಕ್ಕಿ.
ನಿನ್ನೆ ತನಕ ಬರೀ ಬಿಳಿ,
ಇವತ್ತು ತಲೆಗೆ, ಕುತ್ತಿಗೆಗೆ
ಅರಿಶಿನ ಮೆತ್ತಿಸಿಕೊಂಡ ಮದುಮಗನ ಹಾಗೆ.
ಇದೂ ಬಂದ ಹಾಗೇ ಅಲ್ಲವಾ?

ಉತ್ತರಕ್ಕೆ ಕಾಯಲಿಲ್ಲ.
ಹಲ್ಲಿನಿಂದ ಗಂಟು ಕಡಿದು ಮುಂದಿಟ್ಟಳು:
ಹಿಡಿ, ನಿನ್ನ ಸರಕಾರಿ ಲಾಡಿ.

ಮಳೆಗೆ ಇನ್ನೂ ಎರಡು ದಿನವಿತ್ತು.
ಕಪಾಟು ತೆಗೆದು ಅವನ ಕಡತ ಹುಡುಕಿದೆ.
ಒಂದು ಸುತ್ತಿಗೂ ಸಾಲಲಿಲ್ಲ,
ಮೂಲೆಯ ತೂತಿಗೆ ಪೋಣಿಸಿ ಗಂಟು ಹಾಕಿದೆ.
ದಾಸ್ತಾನು ವಹಿಯಲ್ಲಿ ಬರೆದೆ:
ಲಾಡಿ, ಒಂದು. ವಾಪಸು ಬಂದಿದೆ.
ಬಣ್ಣದ ಕಾಲಂ ಖಾಲಿ ಬಿಟ್ಟೆ.